ಸೇರು, ಸೇರಿಸು: ಇಂಗ್ಲಿಷ್ ಬರೆಯುವ ಮಗಳಿಗೆ

ಮಗಳೇ, ಹೊಸ ಕೆಲಸದಲ್ಲಿ ದಿನವೂ ಇಂಗ್ಲಿಷಿನಲ್ಲಿ ವರದಿ ಬರೆಯಬೇಕು ಅಂದೆ. ‘ಕಲೆಕ್ಟ್’ ಒಂದರಿಂದಲೇ ಎಲ್ಲವನ್ನೂ ಕೂಡಿಸಲು ಹೋಗಬೇಡ. ತಾನಾಗಿ ಸೇರಿತೋ, ಯಾರಾದರೂ ಸೇರಿಸಿದರೋ, ಎಷ್ಟು ಕಾಲ ಹಿಡಿಯಿತು, ಮೊದಲು ಅದನ್ನು ನೋಡು.

• ನಮ್ಮಲ್ಲಿ ‘ಸೇರು’ ಬೇರೆ, ‘ಸೇರಿಸು’ ಬೇರೆ. ‘ಗ್ಯಾದರ್’ ಎರಡಕ್ಕೂ ಒಂದೇ ರೂಪ. ಜನ ತಾವಾಗಿ ಬಂದಿದ್ದರೆ ‘ಪೀಪಲ್ ಗ್ಯಾದರ್ಡ್’ ಸಾಕು, ನಡುವೆ ‘ವರ್’ ಬೇಡ. ಹೂವು, ಮಾಹಿತಿ, ಧೈರ್ಯಕ್ಕೂ ಇದೇ ಪದ. ‘ಐ ಗ್ಯಾದರ್ ಹೀ ಈಸ್ ಲೀವಿಂಗ್’ ಎಂದು ಯಾರಾದರೂ ಬರೆದರೆ ಗಾಬರಿಯಾಗಬೇಡ. ಅವನು ಹೊರಡುತ್ತಿರುವಂತೆ ತಿಳಿದುಬಂತು ಎಂದಷ್ಟೇ ಅರ್ಥ.

• ಒಬ್ಬೊಬ್ಬರಿಂದ ಇಸಿದುಕೊಳ್ಳುವುದು ‘ಕಲೆಕ್ಟ್’: ಬಾಡಿಗೆ, ಶುಲ್ಕ, ರಕ್ತದ ಮಾದರಿ. ವಾರನ್ ಹೇಸ್ಟಿಂಗ್ಸ್ 1772ರಲ್ಲಿ ತಂದ ಕಲೆಕ್ಟರ್ ಹುದ್ದೆಗೆ ಆ ಹೆಸರು ಬಂದದ್ದೂ ಕಂದಾಯ ವಸೂಲಿಯಿಂದ. ಆರಿಸಿ ಜೋಪಾನ ಮಾಡುವ ನಾಣ್ಯ, ಅಂಚೆಚೀಟಿಗೂ ಇದೇ. ಗುಂಡಿಯಲ್ಲಿ ಮಳೆನೀರು ನಿಂತರೆ ‘ವಾಟರ್ ಕಲೆಕ್ಟ್ಸ್’ ಅನ್ನುವುದೂ ಸರಿ.

• ‘ಅಕ್ಯುಮುಲೇಟ್’ ನಿಧಾನದ್ದು. ಧೂಳು, ಸಾಲ, ಅನುಭವ ಹೀಗೆ ಬೆಳೆಯುತ್ತವೆ. ಸಭೆಗೆ ಬಂದ ಜನರಿಗೆ ಇದನ್ನು ಹಚ್ಚಬೇಡ.

• ಬಡ್ಡಿಗೆ ‘ಅಕ್ರೂ’. ‘ಇಂಟರೆಸ್ಟ್ ಅಕ್ರೂಸ್’ ಎಂದು ಬರೆ.

• ‘ಅಮಾಸ್’, ‘ಹೋರ್ಡ್’ ಎರಡನ್ನೂ ತೂಗಿ ಬಳಸು. ಇವು ಜನರ ಮರ್ಯಾದೆಗೆ ತಾಗುವ ಪದಗಳು. ‘ಅಮಾಸ್’ ಅಂದರೆ ಭಾರಿಯಾಗಿ ಗುಡ್ಡೆ ಹಾಕುವುದು. ಸಾಕ್ಷ್ಯ, ಜ್ಞಾನವನ್ನೂ ಅಮಾಸ್ ಮಾಡಬಹುದು ನಿಜ, ಆದರೆ ನಮ್ಮ ಪತ್ರಿಕೆಗಳಲ್ಲಿ ಆದಾಯ ಮೀರಿದ ಆಸ್ತಿಯ ಸುದ್ದಿಗೆ ಇದು ಅಂಟಿಕೊಂಡಿದೆ. ದುಡಿದು ಮನೆ ಕಟ್ಟಿದವರ ಉಳಿತಾಯಕ್ಕೆ ‘ಸೇವ್ಡ್’ ಅನ್ನು. ಅಭಾವ ಬರಲಿ ಎಂದು ಬಚ್ಚಿಡುವ ವರ್ತಕ ಹೋರ್ಡ್ ಮಾಡುತ್ತಾನೆ; 1955ರ ಅಗತ್ಯ ವಸ್ತುಗಳ ಕಾಯ್ದೆಯ ಸುದ್ದಿಗಳಲ್ಲಿ ಈ ಪದವನ್ನು ಕಾಣುತ್ತೀಯ. ಅಜ್ಜಿ ವರ್ಷಕ್ಕಾಗುವಷ್ಟು ಅಕ್ಕಿ, ಮೆಣಸಿನಕಾಯಿ ಇಟ್ಟುಕೊಂಡರೆ ಅದು ‘ಸ್ಟೋರ್ಡ್’. ರಸ್ತೆಬದಿಯ ಜಾಹೀರಾತಿನ ಹೋರ್ಡಿಂಗಿಗೂ ಈ ‘ಹೋರ್ಡ್’ಗೂ ಸಂಬಂಧವಿಲ್ಲ.

• ಉದ್ದೇಶವಿಟ್ಟು ಸೇರಿದರೆ ‘ಅಸೆಂಬಲ್’: ಶಾಲೆಯ ಪ್ರಾರ್ಥನೆ, ವಿಧಾನಸಭೆ. ಬಿಡಿಭಾಗ ಜೋಡಿಸಿ ಸೈಕಲ್ ಸಿದ್ಧಮಾಡುವುದೂ ಇದೇ.

• ನೆರೆ ಪರಿಹಾರಕ್ಕೆ ನಿಧಿ ಎತ್ತಿದರೆ ‘ರೇಸ್ಡ್ ಮನಿ’. ಡಬ್ಬಿ ಹಿಡಿದು ಮನೆಮನೆಗೆ ಹೋದವರು ‘ಕಲೆಕ್ಟೆಡ್’.

• ಅನುಮಾನ ಬಂದಾಗ ನಿಘಂಟಿನಲ್ಲಿ ಅರ್ಥಕ್ಕೇ ನಿಲ್ಲದೆ ಉದಾಹರಣೆ ವಾಕ್ಯಗಳನ್ನೂ ಓದು. ಯಾವ ಕ್ರಿಯಾಪದದ ಜೊತೆ ಯಾವ ನಾಮಪದ ಬಂದಿದೆಯೋ, ಆ ಜೋಡಿಯನ್ನೇ ಪುಸ್ತಕದಲ್ಲಿ ಬರೆದಿಟ್ಟುಕೋ.