ಊರಿನ ಉದ್ಯಮ ಮತ್ತು ಶಾಲೆಯ ಪಾಠ



ಶಾಲೆಗೆ ಸಹಾಯವೆಂದರೆ ಕಮಾನು ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸುವುದು ಎಂಬ ಭಾವನೆ ನಮ್ಮಲ್ಲಿದೆ. ಕಟ್ಟಡ ಬೇಕು, ನಿಜ. ಆದರೆ ಪಾಠ ಚೆನ್ನಾಗಿ ನಡೆಯಲು ಏನು ಬೇಕೆಂದು ಮೊದಲು ಉಪಾಧ್ಯಾಯರನ್ನು ಕೇಳಬೇಕು. ಮಣ್ಣು ಪರೀಕ್ಷೆ ಮಾಡಿಸದೆ ಹಾಕಿದ ಗೊಬ್ಬರದಂತೆ, ಕೇಳದೆ ಕೊಟ್ಟ ದಾನವೂ ವ್ಯರ್ಥವಾಗುತ್ತದೆ.

ನಮ್ಮ ಭಾಗದ ಅಗತ್ಯವೇ ಬೇರೆ. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಇಂದಿಗೂ ಅನೇಕ ಮನೆಗಳ ಮಾತು ಕನ್ನಡ. ಮನೆಯ ಮಾತು ಒಂದು, ಪಾಠದ ಮಾತು ಇನ್ನೊಂದಾದರೆ ಒಂದನೆಯ ತರಗತಿಯಲ್ಲೇ ಮಗು ಹಿಂದೆ ಬೀಳುತ್ತದೆ. ಕನ್ನಡ, ತೆಲುಗು ಎರಡರಲ್ಲೂ ಕಥೆಪುಸ್ತಕಗಳು, ಎರಡೂ ಭಾಷೆ ಬಲ್ಲ ಸಹಾಯಕಿಯೊಬ್ಬರಿಗೆ ಗೌರವಧನ: ಕಮಾನಿಗಿಂತ ಇವು ಹೆಚ್ಚು ಉಪಯುಕ್ತ.

ಯಾರನ್ನು ಕೇಳಬೇಕು? 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಶಿಕ್ಷಣವೂ ಇದರಲ್ಲಿ ಸೇರಿದೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಸಣ್ಣ ಉದ್ಯಮಗಳಿಗೆ ಈ ಕಟ್ಟುಪಾಡಿಲ್ಲ. ಆದರೂ ತಾಂಡೂರಿನ ಕಲ್ಲು ಪಾಲಿಶ್ ಘಟಕ, ತೊಗರಿ ವ್ಯಾಪಾರಿ, ಊರಿನ ಅಡತ್ ಅಂಗಡಿ ಸಹ ಕೈಲಾದಷ್ಟು ಕೊಡಬಹುದು.

ಹೇಗೆ ಕೇಳಬೇಕು?

1. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳು, ಪೋಷಕರು. ಸಭೆಗೆ ತಪ್ಪದೆ ಹೋಗಿರಿ.

2. ಉಪಾಧ್ಯಾಯರು ಹೇಳಿದ ಅಗತ್ಯಗಳನ್ನು ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಸಿರಿ.

3. ಆ ಯೋಜನೆಯ ಪ್ರತಿಯೊಂದಿಗೆ ಉದ್ಯಮದವರನ್ನು ಕಾಣಿರಿ. ಬಂದ ಹಣದ ಲೆಕ್ಕವನ್ನು ಸಭೆಯಲ್ಲಿ ಓದಿಸಿರಿ.

ಹಣವಿಲ್ಲದೆಯೂ ನೆರವಾಗಬಹುದು. ನಿಮ್ಮ ಹಳೆಯ ತೂಕದ ಚೀಟಿಗಳನ್ನು ಶಾಲೆಗೆ ಕೊಡಿರಿ. ತುಂಬಿದ ಗಾಡಿ 14,350 ಕಿಲೋ, ಖಾಲಿ ಗಾಡಿ 4,120 ಕಿಲೋ. ಹಾಗಾದರೆ ಕಬ್ಬು 10,230 ಕಿಲೋ. ಈ ಲೆಕ್ಕ ಕಲಿತ ಮಗು ನಾಳೆ ಯಾವ ತೂಕದ ಕಟ್ಟೆಯಲ್ಲೂ ಮೋಸಹೋಗದು.

ಬೆಳೆಗಾರರ ಸಂಸ್ಥೆಯಿಂದ ಶಾಲೆ ಬೆಳೆಯಬಲ್ಲುದೆಂಬುದಕ್ಕೆ ಮಹಾರಾಷ್ಟ್ರದ ಪ್ರವರಾನಗರ ಸಾಕ್ಷಿ. ವಿಠ್ಠಲರಾವ್ ವಿಖೆ ಪಾಟೀಲರ ನೇತೃತ್ವದ ಸಹಕಾರಿ ಕಾರ್ಖಾನೆ 1950ರಲ್ಲಿ ಕಬ್ಬು ಅರೆಯತೊಡಗಿತು. 1964ರಲ್ಲಿ ಅಲ್ಲಿ ಗ್ರಾಮೀಣ ಶಿಕ್ಷಣ ಸಂಸ್ಥೆ ಹುಟ್ಟಿತು.

ಕೊನೆಯದಾಗಿ ಒಂದು ವಿನಂತಿ. ಹಂಗಾಮಿನಲ್ಲಿ ನಿಮ್ಮ ಮಕ್ಕಳನ್ನಾಗಲಿ, ಕಟಾವಿಗೆ ಬಂದವರ ಮಕ್ಕಳನ್ನಾಗಲಿ ಹೊಲದಲ್ಲಿ ನಿಲ್ಲಿಸಬೇಡಿರಿ. ಮಗುವೇ ತರಗತಿಯಲ್ಲಿ ಇಲ್ಲದಿದ್ದರೆ ಎಂಥ ಉಪಾಧ್ಯಾಯರಾದರೂ ಯಾರಿಗೆ ಕಲಿಸಬೇಕು?

— ಕಬ್ಬು ಅಭಿವೃದ್ಧಿ ಅಧಿಕಾರಿ