ಹಾಲು ಕೊಟ್ಟು ತೈಲ ತರುವ ನಾಡು
ನ್ಯೂಜಿಲೆಂಡ್–ಸಿಂಗಪುರ ವ್ಯಾಪಾರದಿಂದ ರೈತರು ತಿಳಿಯಬೇಕಾದುದು

ಬೆಳಗ್ಗೆ ಎದ್ದು ಸಂಘಕ್ಕೆ ಹಾಲು ಹಾಕುವ ರೈತನಿಗೆ ವಿದೇಶ ವ್ಯಾಪಾರವೆಂಬುದು ದೂರದ ಮಾತೆಂದು ತೋರುವುದು ಸಹಜ. ಆದರೆ 2019ರ ನವೆಂಬರಿನಲ್ಲಿ ಭಾರತವು ಏಷ್ಯಾ–ಪೆಸಿಫಿಕ್ ದೇಶಗಳ ಒಂದು ದೊಡ್ಡ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. ನ್ಯೂಜಿಲೆಂಡಿನಂಥ ದೇಶಗಳ ಅಗ್ಗದ ಹಾಲಿನ ಪುಡಿ ಒಳಬಂದರೆ ನಮ್ಮ ಹಾಲಿನ ಬೆಲೆ ಕುಸಿದೀತೆಂಬ ಆತಂಕ ಅದರ ಕಾರಣಗಳಲ್ಲೊಂದಾಗಿತ್ತು. ಆದ್ದರಿಂದ ಇಂಥ ಒಪ್ಪಂದಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ರೈತರು ಅರಿತಿರುವುದು ಒಳ್ಳೆಯದು. ಇದಕ್ಕೆ ನ್ಯೂಜಿಲೆಂಡ್ ಮತ್ತು ಸಿಂಗಪುರಗಳ ನಡುವಣ ವ್ಯಾಪಾರ ಒಂದು ಉತ್ತಮ ಉದಾಹರಣೆ.

ಎರಡು ದೇಶಗಳ ಸ್ಥಿತಿಗತಿ

ನ್ಯೂಜಿಲೆಂಡಿನ ವಿಸ್ತೀರ್ಣ ಸುಮಾರು 2 ಲಕ್ಷ 68 ಸಾವಿರ ಚದರ ಕಿಲೋಮೀಟರ್. ಜನಸಂಖ್ಯೆ 50 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಮಳೆ, ಹುಲ್ಲುಗಾವಲು, ದನಕುರಿಗಳು ಅಲ್ಲಿನ ಸಂಪತ್ತು. ಅಲ್ಲಿ ಕರೆಯುವ ಹಾಲಿನ ಬಹುಪಾಲು ಪುಡಿ, ಬೆಣ್ಣೆ, ಚೀಸ್ ರೂಪದಲ್ಲಿ ಹೊರದೇಶಗಳಿಗೆ ಹೋಗುತ್ತದೆ.

ಸಿಂಗಪುರ ಸುಮಾರು 730 ಚದರ ಕಿಲೋಮೀಟರಿನ ದ್ವೀಪ. ಅಷ್ಟು ಜಾಗದಲ್ಲಿ ಸುಮಾರು 60 ಲಕ್ಷ ಜನರಿದ್ದಾರೆ. ಉಳುವುದಕ್ಕೆ ನೆಲವೇ ಇಲ್ಲದ ಈ ನಾಡು ತನ್ನ ಆಹಾರದಲ್ಲಿ ನೂರಕ್ಕೆ 90 ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅದರ ಬಲ ಬಂದರು, ಬ್ಯಾಂಕು, ಕಾರ್ಖಾನೆ ಮತ್ತು ತೈಲ ಶುದ್ಧೀಕರಣಾಗಾರಗಳಲ್ಲಿದೆ. ಒಬ್ಬರಲ್ಲಿರುವುದು ಇನ್ನೊಬ್ಬರಲ್ಲಿಲ್ಲ, ವ್ಯಾಪಾರಕ್ಕೆ ಇದೇ ಮೂಲ.

ಒಪ್ಪಂದ ಬಂದುದು ಹೇಗೆ?

ಬಹುಕಾಲ ನ್ಯೂಜಿಲೆಂಡಿನ ಬೆಣ್ಣೆ, ಮಾಂಸಗಳಿಗೆ ಬ್ರಿಟನ್ ಒಂದೇ ದೊಡ್ಡ ಗಿರಾಕಿ. 1973ರಲ್ಲಿ ಬ್ರಿಟನ್ ಯುರೋಪಿಯನ್ ಸಮುದಾಯವನ್ನು ಸೇರಿದಾಗ ಆ ಭದ್ರ ಮಾರುಕಟ್ಟೆ ಸಡಿಲವಾಯಿತು. ಒಬ್ಬನೇ ಗಿರಾಕಿಯನ್ನು ನಂಬಿದವರಿಗೆ ಆಗುವ ಕಷ್ಟ ಅವರಿಗೂ ಆಯಿತು. ಹೊಸ ಮಾರುಕಟ್ಟೆಗಳನ್ನು ಹುಡುಕಿಕೊಂಡು ಹೊರಟ ಆ ದೇಶ 2000ದ ನವೆಂಬರಿನಲ್ಲಿ ಸಿಂಗಪುರದೊಡನೆ ನಿಕಟ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಸಹಿ ಹಾಕಿತು. ಅದು 2001ರ ಜನವರಿ 1ರಿಂದ ಜಾರಿಗೆ ಬಂದಿತು. ಒಬ್ಬರ ಸರಕಿನ ಮೇಲೆ ಇನ್ನೊಬ್ಬರು ಆಮದು ಸುಂಕ ಹಾಕಬಾರದೆಂಬುದು ಅದರ ತಿರುಳು. ಪರಿಷ್ಕೃತ ಒಪ್ಪಂದ 2020ರ ಜನವರಿ 1ರಿಂದ ಜಾರಿಗೆ ಬಂದಿತು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಮದ್ಯದಂಥ ಕೆಲವು ಸರಕುಗಳನ್ನು ಬಿಟ್ಟರೆ ಸಿಂಗಪುರ ಮೊದಲಿನಿಂದಲೂ ಸುಂಕ ಹಾಕುತ್ತಿರಲಿಲ್ಲ. ಹಾಗಿದ್ದ ಮೇಲೆ ನ್ಯೂಜಿಲೆಂಡಿಗೆ ಬಂದ ಲಾಭವೇನು? ಲಾಭವಿರುವುದು ಮಾತಿನ ಭದ್ರತೆಯಲ್ಲಿ. ಇಂದು ಸುಂಕವಿಲ್ಲವೆಂದರೆ ನಾಳೆಯೂ ಇರುವುದಿಲ್ಲವೆಂದು ಹೇಳಲಾಗದು. ಬರೆದುಕೊಟ್ಟ ಮಾತಾದರೆ ಅದನ್ನು ನಂಬಿ ಡೈರಿ ಕಟ್ಟಬಹುದು, ಹಣ ಹೂಡಬಹುದು. ಬಾಯಿಮಾತಿನ ಗೇಣಿಗೂ ಪತ್ರವಿರುವ ಗೇಣಿಗೂ ಇರುವ ವ್ಯತ್ಯಾಸವೇ ಇದು.

ಸರಕುಗಳ ವಿನಿಮಯ

ನ್ಯೂಜಿಲೆಂಡಿನಿಂದ ಹೋಗುವುವು ಮುಖ್ಯವಾಗಿ ಹಾಲಿನ ಪದಾರ್ಥಗಳು, ಮಾಂಸ, ಹಣ್ಣು ಮತ್ತಿತರ ಆಹಾರ. ಸಿಂಗಪುರದಿಂದ ಬರುವುವು ಪೆಟ್ರೋಲು, ಡೀಸೆಲ್, ಯಂತ್ರಗಳು, ರಾಸಾಯನಿಕಗಳು. ಗಮನಿಸಬೇಕಾದ ಸಂಗತಿಯೆಂದರೆ ಸಿಂಗಪುರದಲ್ಲಿ ಒಂದು ತೈಲಬಾವಿಯೂ ಇಲ್ಲ. ಕಚ್ಚಾತೈಲವನ್ನು ಕೊಂಡು ತಂದು ಶುದ್ಧೀಕರಿಸಿ ಮಾರುತ್ತದೆ. ಆದಕಾರಣ ಅದು ಮಾರಿದ ತೈಲದ ಬೆಲೆಯೆಲ್ಲ ಅದರ ಗಳಿಕೆಯಲ್ಲ. ಶುದ್ಧೀಕರಣದಿಂದ ಹೆಚ್ಚಿದ ಮೌಲ್ಯವಷ್ಟೇ ಗಳಿಕೆ. ನೂಲು ಕೊಂಡು ಸೀರೆ ನೇಯ್ದು ಮಾರುವ ನೇಕಾರನ ಲೆಕ್ಕವೂ ಇಂಥದೇ.

ಸುಂಕ ವಿನಾಯಿತಿಗೆ ಎರಡು ಷರತ್ತುಗಳನ್ನು ನೆನಪಿಡಬೇಕು.

1. ಸರಕು ಆ ದೇಶದ್ದೇ ಆಗಿರಬೇಕು. ಬೇರೆ ದೇಶದ ಮಾಲಿಗೆ ಚೀಟಿ ಬದಲಿಸಿ ಕಳಿಸಿದರೆ ರಿಯಾಯಿತಿ ಸಿಗದು. ಇದಕ್ಕೆ ಮೂಲದ ನಿಯಮಗಳೆಂದು ಹೆಸರು.

2. ಸುಂಕವಿಲ್ಲವೆಂದ ಮಾತ್ರಕ್ಕೆ ತಪಾಸಣೆ ಇಲ್ಲವೆಂದಲ್ಲ. ರೋಗಾಣು, ಔಷಧದ ಶೇಷ ಇವುಗಳ ಪರೀಕ್ಷೆ ಇದ್ದೇ ಇರುತ್ತದೆ. ನ್ಯೂಜಿಲೆಂಡಿನಲ್ಲಿ ಕಾಲುಬಾಯಿ ರೋಗ ಇದುವರೆಗೆ ಕಾಣಿಸಿಕೊಂಡಿಲ್ಲ. ಮಾಂಸದ ಮಾರುಕಟ್ಟೆಯಲ್ಲಿ ಇದು ಸುಂಕ ವಿನಾಯಿತಿಗಿಂತ ದೊಡ್ಡ ಬಲ.

ಸೇವೆಗಳ ವ್ಯಾಪಾರ

ಕೈಯಲ್ಲಿ ಹಿಡಿಯಲಾಗದ್ದನ್ನೂ ದೇಶಗಳು ಮಾರುತ್ತವೆ. ಸಿಂಗಪುರದ ವಿಮಾನದಲ್ಲಿ ನ್ಯೂಜಿಲೆಂಡಿನ ಮಾಂಸ ಸಾಗಿದರೆ ಬಾಡಿಗೆ ಸಿಂಗಪುರದ ರಫ್ತು. ಸಿಂಗಪುರದ ವಿದ್ಯಾರ್ಥಿ ಆಕ್ಲೆಂಡಿನಲ್ಲಿ ಓದಿದರೆ ಆ ಶುಲ್ಕ ನ್ಯೂಜಿಲೆಂಡಿನ ರಫ್ತು. ವಿಮೆ, ಬ್ಯಾಂಕಿಂಗ್, ಪ್ರವಾಸ, ಎಂಜಿನಿಯರರ ಸಲಹೆ ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ಸೇವೆಗೆ ಬಂದರಿನಲ್ಲಿ ಸುಂಕವಿಲ್ಲ. ಅಡ್ಡಿ ಬರುವುದು ಪರವಾನಗಿ ಮತ್ತು ಕಾನೂನುಗಳಿಂದ. ಆದ್ದರಿಂದ ಒಪ್ಪಂದವೂ ಅವನ್ನೇ ಸಡಿಲಿಸಲು ನೋಡುತ್ತದೆ.

ಕೊಟ್ಟದ್ದಕ್ಕಿಂತ ಕೊಂಡದ್ದು ಹೆಚ್ಚಾದರೆ ನಷ್ಟವೇ?

ಎರಡು ದೇಶಗಳ ಲೆಕ್ಕ ಸರಿದೂಗಲೇಬೇಕೆಂದಿಲ್ಲ. ನೀವು ಹಾಲನ್ನು ಸಂಘಕ್ಕೆ ಮಾರುತ್ತೀರಿ, ಗೊಬ್ಬರವನ್ನು ಅಂಗಡಿಯಲ್ಲಿ ಕೊಳ್ಳುತ್ತೀರಿ. ಗೊಬ್ಬರದಂಗಡಿಯವನು ನಿಮ್ಮ ಹಾಲು ಕೊಳ್ಳಲಿಲ್ಲವೆಂದು ಅದನ್ನು ನಷ್ಟವೆನ್ನುವುದಿಲ್ಲ. ನೋಡಬೇಕಾದುದು ವರ್ಷದ ಒಟ್ಟು ಜಮಾಖರ್ಚನ್ನು.

ಕಷ್ಟಕಾಲದ ಪರೀಕ್ಷೆ

2020ರಲ್ಲಿ ಕೋವಿಡ್ ರೋಗ ಹಬ್ಬಿದಾಗ ಅನೇಕ ದೇಶಗಳು ಔಷಧ, ಆಹಾರಗಳ ರಫ್ತನ್ನು ತಡೆದವು. ಆ ಏಪ್ರಿಲಿನಲ್ಲಿ ಈ ಎರಡು ದೇಶಗಳು ಪಟ್ಟಿಮಾಡಿದ ಅಗತ್ಯ ವಸ್ತುಗಳ ಮೇಲೆ ಸುಂಕವನ್ನಾಗಲಿ ರಫ್ತು ನಿರ್ಬಂಧವನ್ನಾಗಲಿ ಹಾಕುವುದಿಲ್ಲವೆಂದು ಘೋಷಿಸಿದವು. 2022ರಲ್ಲಿ ನ್ಯೂಜಿಲೆಂಡಿನ ಏಕೈಕ ತೈಲ ಶುದ್ಧೀಕರಣಾಗಾರ ಕೆಲಸ ನಿಲ್ಲಿಸಿತು. ಅಂದಿನಿಂದ ಅಲ್ಲಿನ ಟ್ರ್ಯಾಕ್ಟರಿಗೆ ಬೇಕಾದ ಡೀಸೆಲ್ ಸಮುದ್ರ ದಾಟಿಯೇ ಬರಬೇಕು. ಒಬ್ಬರ ಊಟ, ಇನ್ನೊಬ್ಬರ ಉಳುಮೆ ಪರಸ್ಪರ ನಂಬಿಕೆಗೆ ಕಟ್ಟುಬಿದ್ದಿವೆ.

ಒಪ್ಪಂದದಿಂದ ಆಗದ ಕೆಲಸ

ಒಪ್ಪಂದ ಬಾಗಿಲು ತೆರೆಯುತ್ತದೆಯೇ ಹೊರತು ಬೆಲೆಯ ಭರವಸೆ ಕೊಡುವುದಿಲ್ಲ. ನ್ಯೂಜಿಲೆಂಡಿನ ದೊಡ್ಡ ಹಾಲು ಸಹಕಾರ ಸಂಸ್ಥೆಯಾದ ಫಾಂಟೆರಾ 2013–14ರಲ್ಲಿ ಒಂದು ಕಿಲೋ ಹಾಲಿನ ಘನಾಂಶಕ್ಕೆ 8 ಡಾಲರ್ 40 ಸೆಂಟ್ ಕೊಟ್ಟಿತ್ತು. ವಿಶ್ವ ಮಾರುಕಟ್ಟೆ ಕುಸಿದಾಗ, 2015–16ರಲ್ಲಿ, ಅದು 3 ಡಾಲರ್ 90 ಸೆಂಟಿಗೆ ಇಳಿಯಿತು. ಸಾಲ ಮಾಡಿ ಹಿಂಡು ಬೆಳೆಸಿದ್ದ ರೈತರು ಬಹಳ ಕಷ್ಟಕ್ಕೆ ಸಿಲುಕಿದರು. ಅಲ್ಲಿ ಒಂದು ಹಿಂಡಿನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳು. ನಮ್ಮಲ್ಲಿ ಎರಡೋ ಮೂರೋ. ಅಂಥವರೇ ತತ್ತರಿಸಿದ ಮೇಲೆ, ಸಣ್ಣ ಹಿಡುವಳಿದಾರರು ಹೆಚ್ಚಾಗಿರುವ ನಾಡು ಬಾಗಿಲನ್ನು ಎಷ್ಟು ತೆರೆಯಬೇಕೆಂದು ಅಳೆದು ನೋಡುವುದು ನ್ಯಾಯವೇ ಸರಿ.

ನಮಗೆ ಪಾಠ

ಒಬ್ಬ ಗಿರಾಕಿಯನ್ನೇ ನಂಬಬಾರದು. ರಾಸುಗಳ ರೋಗ ತಡೆಯುವುದು, ಶುದ್ಧ ಹಾಲು ಕೊಡುವುದು ಮಾರುಕಟ್ಟೆಯ ಮೊದಲ ಕೆಲಸ. ಕಾಲುಬಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಸಂಘಟಿತರಾಗಿ ಮಾರಿದರೆ ಮಾತಿಗೆ ತೂಕವಿರುತ್ತದೆ. ವ್ಯಾಪಾರ ಒಪ್ಪಂದದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ರೈತರು ಮೂರು ಪ್ರಶ್ನೆ ಕೇಳಬೇಕು: ಯಾವ ಸರಕಿಗೆ ಸುಂಕ ಇಳಿಯುತ್ತದೆ? ಎಷ್ಟು ವರ್ಷಗಳಲ್ಲಿ? ಬೆಲೆ ಬಿದ್ದಾಗ ರಕ್ಷಣೆಗೆ ಏನಿದೆ? ಇವಕ್ಕೆ ಉತ್ತರ ತಿಳಿದವರು ಆತಂಕಕ್ಕೂ ಆಸೆಗೂ ಬಲಿಯಾಗದೆ ಮುಂದಿನ ಹೆಜ್ಜೆ ಇಡಬಲ್ಲರು.