ಬೆಳ್ಳಿಯ ಬಟ್ಟಲು

ಮಲೆನಾಡಿನ ಮಳೆಗಾಲವು ಹೊರಗೆ ಹಸಿರನ್ನು ತರುವಂತೆ ಮನೆಯೊಳಗೆ ಬೂಸನ್ನೂ ತರುತ್ತದೆ. ಶೃಂಗೇರಿಗೆ ಸಮೀಪದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಗಳಲ್ಲಿ ಆಗ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಹೊತ್ತದು. ಗೌರಿಹಬ್ಬಕ್ಕೆಂದು ಪೆಟ್ಟಿಗೆ ತೆರೆದರೆ ಬೆಳ್ಳಿಯ ಪಂಚಪಾತ್ರೆ, ಕುಂಕುಮದ ಬಟ್ಟಲುಗಳು ಕಪ್ಪಿಟ್ಟು ಕುಳಿತಿರುತ್ತವೆ.

ನಮ್ಮ ಮನೆಯಲ್ಲಿಯೂ ಅಂಥದೊಂದು ಬಟ್ಟಲಿತ್ತು. ಅಜ್ಜಿಯ ಮದುವೆಗೆ ಅವಳ ತವರಿನವರು ಕೊಟ್ಟದ್ದು. ಅಂಚಿನಲ್ಲಿ ಅವಳ ಹೆಸರನ್ನು ಕೊರೆಸಿದ್ದರು. ಹಬ್ಬದ ಮುನ್ನಾದಿನ ಅದನ್ನು ಬೆಳಗುವ ಕೆಲಸ ನನ್ನದು. ಬಚ್ಚಲ ಒಲೆಯ ಬೂದಿಯನ್ನು ತೆಂಗಿನ ನಾರಿಗೆ ಹಚ್ಚಿ ತಿಕ್ಕುತ್ತಿದ್ದೆ. “ಮೆಲ್ಲಗೆ ತಿಕ್ಕೋ ಮಾಣಿ, ಬೆಳ್ಳಿಯೂ ಸವೆಯುತ್ತದೆ” ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಕೇಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಬಟ್ಟಲು ನನ್ನ ಪಾಲಿಗೆ ಬಂದಾಗ ಹೆಸರಿನ ಮೊದಲ ಎರಡು ಅಕ್ಷರಗಳು ಇರಲಿಲ್ಲ. ಅವನ್ನು ಅಳಿಸಿದ್ದು ನನ್ನ ಕೈಯೇ.

ಬೆಳ್ಳಿಯ ಮೇಲಿನ ಕಪ್ಪನ್ನು ನಾವು ಕೊಳೆಯೆಂದು ಭಾವಿಸುತ್ತೇವೆ. ಅದು ಸರಿಯಲ್ಲ. ಬೆಳ್ಳಿಯು ಗಾಳಿಯ ಆಮ್ಲಜನಕಕ್ಕೆ ಸುಲಭವಾಗಿ ಮಣಿಯದು. ಆದರೆ ಗಂಧಕಕ್ಕೆ ಬೇಗ ಸೋಲುತ್ತದೆ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲವೂ, ಈರುಳ್ಳಿ, ಮೊಟ್ಟೆ, ಉಣ್ಣೆ, ರಬ್ಬರುಗಳಲ್ಲಿರುವ ಗಂಧಕವೂ ಬೆಳ್ಳಿಯೊಡನೆ ಕೂಡಿ ಬೆಳ್ಳಿಯ ಸಲ್ಫೈಡ್ ಎಂಬ ಕರಿಯ ಪದರವನ್ನು ಉಂಟುಮಾಡುತ್ತವೆ. ತೇವವಿದ್ದಲ್ಲಿ ಈ ಕ್ರಿಯೆ ಚುರುಕಾಗುತ್ತದೆ. ಆದುದರಿಂದ ಆ ಕಪ್ಪಿನೊಳಗೆ ಬೆಳ್ಳಿಯೂ ಅಡಗಿದೆ. ಬೂದಿಯಿಂದ ತಿಕ್ಕಿದಾಗ ಕಪ್ಪಿನೊಡನೆ ಬೆಳ್ಳಿಯೂ ನೀರುಪಾಲಾಗುತ್ತದೆ. ಹುಣಸೆಹುಳಿಯು ತಾಮ್ರದ ಕಿಲುಬನ್ನು ಕರಗಿಸಬಲ್ಲುದು. ಬೆಳ್ಳಿಯ ಸಲ್ಫೈಡನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ.

ಇದಕ್ಕೆ ಸುಲಭವಾದ ಉಪಾಯವೊಂದಿದೆ. ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ಲೀಟರು ಬಿಸಿನೀರನ್ನು ಹೊಯ್ದು, ಎರಡು ದೊಡ್ಡ ಚಮಚ ಅಡುಗೆ ಸೋಡವನ್ನೂ ಒಂದು ಸಣ್ಣ ಚಮಚ ಉಪ್ಪನ್ನೂ ಕರಗಿಸಬೇಕು. ಅಂಟುವಾಳದ ನೊರೆಯಿಂದ ಜಿಡ್ಡು ತೊಳೆದ ಬೆಳ್ಳಿಯನ್ನು ಪಾತ್ರೆಯ ತಳಕ್ಕೆ ತಾಗುವಂತೆ ಮುಳುಗಿಸಬೇಕು. ಅಲ್ಯೂಮಿನಿಯಂ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವನ್ನು ಪಡೆದ ಬೆಳ್ಳಿಯು ಗಂಧಕದಿಂದ ಬಿಡುಗಡೆ ಹೊಂದಿ ಸ್ವಸ್ಥಾನದಲ್ಲಿಯೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರುವುದರಿಂದ ಕಿಟಕಿ ತೆರೆದಿರಬೇಕು. ಕೆಲವು ನಿಮಿಷಗಳ ಬಳಿಕ ಬೆಳ್ಳಿಯನ್ನು ಹೊರತೆಗೆದು, ಶುದ್ಧ ನೀರಿನಲ್ಲಿ ತೊಳೆದು, ಮೆತ್ತನೆಯ ಹತ್ತಿಯ ಬಟ್ಟೆಯಿಂದ ಒರಸಬೇಕು. ಪಾತ್ರೆಯು ಕಪ್ಪಾಗುವುದರಿಂದ ಅದನ್ನು ಮತ್ತೆ ಅಡುಗೆಗೆ ಬಳಸಬಾರದು. ಮುತ್ತು, ಹರಳು, ಚಿನ್ನದ ನೀರು ಕೊಟ್ಟ ಕೆಲಸವಿರುವ ಒಡವೆಗಳಿಗೆ ಈ ಕ್ರಮ ಸಲ್ಲದು. ಬಿಸಿನೀರಿನ ಕೆಲಸವಾದುದರಿಂದ ಹಿರಿಯರು ಜೊತೆಯಲ್ಲಿರಲಿ.

ಕಪ್ಪಾಗದಂತೆ ಕಾಪಾಡುವುದು ಇನ್ನೂ ಮೇಲು. ಚೆನ್ನಾಗಿ ಒಣಗಿಸಿ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು. ರಬ್ಬರು ಪಟ್ಟಿಯನ್ನು ಎಂದಿಗೂ ಹಾಕಬಾರದು.

ಕಳೆದ ಗೌರಿಹಬ್ಬಕ್ಕೆ ಅಜ್ಜಿಯ ಬಟ್ಟಲನ್ನು ಹೀಗೆಯೇ ತೊಳೆದೆ. ಕಪ್ಪು ಹೋಗಿ, ಉಳಿದ ಅಕ್ಷರಗಳು ತಿಳಿಯಾಗಿ ಕಂಡವು. ಹೋದ ಎರಡು ಅಕ್ಷರಗಳು ಮರಳಲಿಲ್ಲ. ಹಳೆಯದನ್ನು ಹೊಳೆಯಿಸುವ ಆತುರದಲ್ಲಿ ಅದನ್ನೇ ಸವೆಸಬಾರದೆಂಬ ಅಜ್ಜಿಯ ಮಾತು ನನಗೆ ಅರ್ಥವಾದದ್ದು ತಡವಾಗಿ. ಆ ಹೆಸರನ್ನು ಪೂರ್ತಿಯಾಗಿ ಹೇಳುವುದನ್ನು ಈಗ ಮೊಮ್ಮಗಳಿಗೆ ಕಲಿಸಿದ್ದೇನೆ.